ಬೋರ್ಡು ನಮ್ಮದು, ಜಾಗ ಯಾರದು?

ಹೊಸ ಅಂಗಡಿ ತೆರೆಯುವವನಿಗೆ ಸರಕು ತರುವುದು ಕಷ್ಟವಲ್ಲ. ಗಿರಾಕಿ ಹಿಡಿಯುವುದೂ ಅಷ್ಟೇನೂ ಕಷ್ಟವಲ್ಲ. ಬಸ್ಸಿಳಿದವರ ಕಣ್ಣಿಗೆ ಬೀಳಲೆಂದು ಸರ್ಕಲ್ಲಿನಲ್ಲೊಂದು ತಗಡಿನ ಬೋರ್ಡು ನಿಲ್ಲಿಸುವುದೇ ಕಷ್ಟ. "ಇದಕ್ಕ ಯಾರನ್ನ ಕೇಳಬೇಕ್ರೀ?" ಎಂಬ ಮೊದಲ ಪ್ರಶ್ನೆಗೇ ವ್ಯಾಪಾರದ ಅರ್ಧ ದಿನ ಹೋಗುತ್ತದೆ.

ಕೇಳದೇ ಹಾಕುವವನಿಗೆ ಈ ತಾಪತ್ರಯವಿಲ್ಲ. ರಾತ್ರಿ ಹನ್ನೊಂದರ ಮೇಲೆ ನಾಲ್ಕು ಬಿದಿರು ಗಳ, ಒಂದು ಉಂಡೆ ಸುತಳಿ, ಏಣಿ ಹತ್ತಲು ಒಬ್ಬ ಹುಡುಗ. ಬೆಳಗಾಗುವುದರೊಳಗೆ ಸರ್ಕಲ್ಲಿನ ತುಂಬ ಮುಖಗಳು. ಹುಟ್ಟುಹಬ್ಬ, ಸ್ವಾಗತ, ಅಭಿನಂದನೆ! ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಬಸ್ ಪ್ರಯಾಣಿಕನಿಗೆ ಈ ನೋಟ ಹೊಸದಲ್ಲ. ಊರು ಯಾವುದೆಂದು ತಿಳಿಸುವ ಫಲಕವೇ ಫ್ಲೆಕ್ಸಿನ ಹಿಂದೆ ಅಡಗಿದರೆ ಪಾಪ, ಅವನಾದರೂ ಏನು ಮಾಡಿಯಾನು?

ಕಾನೂನು ಇಲ್ಲವೆಂದಲ್ಲ

ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಜಾಹೀರಾತು ಹಚ್ಚುವುದು, ಬರೆಯುವುದು, ನಿಲ್ಲಿಸುವುದು ಅಪರಾಧ ಎಂದು ರಾಜ್ಯದಲ್ಲಿ 1981ರಲ್ಲೇ ಕಾಯ್ದೆ ಬಂತು. ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಅಂದೇ ಬರೆದರು. ಆಗ ಸಾವಿರ ರೂಪಾಯಿ ದೊಡ್ಡ ಮೊತ್ತ. ಇಂದು ದೊಡ್ಡ ಕಟೌಟು ಹಾಕುವವನಿಗೆ ಅದು ಹುಡುಗರ ಚಹಾ-ಮಿರ್ಚಿಯ ಖರ್ಚು.

ಕಾಯ್ದೆಯ ಒಂದು ಶಬ್ದ ಗಮನಿಸಬೇಕು: "ಲಿಖಿತ". "ಸಾಹೇಬ್ರಿಗೆ ಹೇಳೇನಿ", "ಹಾಕ್ಕೋ ಅಂದಾರ" ಎಂಬ ಬಾಯಿಮಾತು ಅನುಮತಿಯಲ್ಲ. ನಾಳೆ ಬೋರ್ಡು ಕಿತ್ತೊಯ್ದರೆ ಅಂಗಡಿಕಾರನ ಕೈಯಲ್ಲಿ ಕಾಗದವಿರಬೇಕು.

ಯಾವ ಬಾಗಿಲು ತಟ್ಟಬೇಕು?

ಕೊಪ್ಪಳ, ಗಂಗಾವತಿಗೆ ನಗರಸಭೆ, ಅರ್ಜಿ ಪೌರಾಯುಕ್ತರಿಗೆ. ಕುಷ್ಟಗಿಗೆ ಪುರಸಭೆ, ಯಲಬುರ್ಗಾಕ್ಕೆ ಪಟ್ಟಣ ಪಂಚಾಯಿತಿ, ಅಲ್ಲಿ ಮುಖ್ಯಾಧಿಕಾರಿ. ಊರ ಗಡಿ ದಾಟಿದರೆ ಗ್ರಾಮ ಪಂಚಾಯಿತಿ.

ಇಷ್ಟಕ್ಕೇ ಮುಗಿಯಿತೆಂದುಕೊಂಡವನು ಮೋಸ ಹೋದ. ಸ್ಥಳೀಯ ಸಂಸ್ಥೆಯ ಅನುಮತಿ ಬೇರೆ, ಜಾಗದ ಮಾಲಿಕನ ಒಪ್ಪಿಗೆ ಬೇರೆ. ಬಸ್ ನಿಲ್ದಾಣದ ಗೋಡೆ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದು. ವಿದ್ಯುತ್ ಕಂಬ ಜೆಸ್ಕಾಂನದು. ಕೊಪ್ಪಳದ ಮೇಲೆ ಹಾಯುವ 67, ಕುಷ್ಟಗಿಯ ಮೇಲೆ ಹಾಯುವ 50 ರಾಷ್ಟ್ರೀಯ ಹೆದ್ದಾರಿಗಳು. ಅವುಗಳ ಬದಿಯ ಸರ್ಕಾರಿ ಜಾಗ ಹೆದ್ದಾರಿಯವರ ಸುಪರ್ದಿ. ಗಂಗಾವತಿಯಿಂದ ಆನೆಗೊಂದಿಯತ್ತ ಹೋದರೆ 2002ರ ಕಾಯ್ದೆಯಂತೆ ರಚನೆಯಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿ. ಸ್ವಂತ ಮಾಳಿಗೆಯಾದರೂ ಅದು ರಸ್ತೆಗೆ ಕಾಣುವಂತಿದ್ದರೆ ಅನುಮತಿ ತಪ್ಪಿದ್ದಲ್ಲ. ಒಂದು ಬೋರ್ಡಿಗೆ ಇಷ್ಟು ಬಾಗಿಲು! ನೇಮದಿಂದ ನಡೆಯುವವನು ಸುಸ್ತಾಗುತ್ತಾನೆ, ನೇಮವಿಲ್ಲದವನು ಸುತಳಿ ಬಿಗಿಯುತ್ತಾನೆ.

ಅಂದವಷ್ಟೇ ಅಲ್ಲ, ಜೀವ

ಇದು ಊರಿನ ಅಂದದ ಮಾತಷ್ಟೇ ಎಂದು ತಳ್ಳಿಹಾಕುವವರು ನೆರೆಯ ಗದಗ ಜಿಲ್ಲೆಯತ್ತ ನೋಡಲಿ. 2024ರ ಜನವರಿ 7ರ ನಡುರಾತ್ರಿ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿಯಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬಕ್ಕೆಂದು ಕಟೌಟು ಎತ್ತುವಾಗ ಅದು ವಿದ್ಯುತ್ ತಂತಿಗೆ ತಗುಲಿತು. ಮೂವರು ಯುವಕರು ಸತ್ತರು. ಹಗಲಿನಲ್ಲಿ ಯಾರಾದರೂ ಜಾಗ ನೋಡಿ, ಮೇಲಿನ ತಂತಿ ನೋಡಿ "ಇಲ್ಲಿ ಬ್ಯಾಡ" ಎಂದಿದ್ದರೆ ಮೂರು ಮನೆಗಳ ದೀಪ ಉಳಿಯುತ್ತಿದ್ದವು. ಅನುಮತಿ ಎಂಬ ಕಾಗದದ ಕೆಲಸ ಅದೇ.

ಅದೇ ವರ್ಷದ ಮೇ 13ರಂದು ಮುಂಬಯಿಯ ಘಾಟ್ಕೋಪರದಲ್ಲಿ ಗಾಳಿ-ಮಳೆಗೆ 120 ಅಡಿ ಎತ್ತರ, 120 ಅಡಿ ಅಗಲದ ಹೋರ್ಡಿಂಗು ಪೆಟ್ರೋಲ್ ಬಂಕಿನ ಮೇಲೆ ಕುಸಿದು 17 ಮಂದಿ ಸತ್ತರು. ಮಹಾನಗರಪಾಲಿಕೆಯ ನಿಯಮದಂತೆ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಜಾಗ ರೈಲ್ವೆ ಪೊಲೀಸರ ಸುಪರ್ದಿಯದು, ನಮ್ಮ ಅನುಮತಿ ಇರಲಿಲ್ಲ ಎಂದಿತು ಪಾಲಿಕೆ. ಜಾಗದವರು ಒಬ್ಬರು, ಊರಿನವರು ಒಬ್ಬರು. ನಡುವೆ ಸತ್ತವರು ಬಡಪಾಯಿಗಳು. ನಮ್ಮೂರ ಮುಂಗಾರಿನ ಮೊದಲ ಗಾಳಿಯೂ ಬೋರ್ಡಿನ ಮಾಲಿಕನ ಹೆಸರು ಕೇಳಿ ಬೀಸುವುದಿಲ್ಲ.

ಫ್ಲೆಕ್ಸಿಗೆ ಅನುಮತಿಯೇ?

ಇನ್ನೊಂದು ಗಮ್ಮತ್ತು. ಪ್ಲಾಸ್ಟಿಕ್ ಬ್ಯಾನರು, ತೋರಣ, ಫ್ಲೆಕ್ಸುಗಳನ್ನು 2016ರ ಮಾರ್ಚಿನಲ್ಲೇ ರಾಜ್ಯ ಸರ್ಕಾರ ನಿಷೇಧಿಸಿ ಅಧಿಸೂಚನೆ ಹೊರಡಿಸಿತು. 2018ರ ಆಗಸ್ಟ್ 1ರಂದು ಹೈಕೋರ್ಟು ಗದರಿದ ಮೇಲೆ ಬೆಂಗಳೂರಿನ ಫ್ಲೆಕ್ಸುಗಳನ್ನು ಗಂಟೆಗಳ ಲೆಕ್ಕದಲ್ಲಿ ಕಿತ್ತದ್ದು ಎಲ್ಲರಿಗೂ ನೆನಪಿದೆ. ಬಟ್ಟೆಯ ಮೇಲೆ, ತಗಡಿನ ಮೇಲೆ ಬರೆಯುವ ಪೇಂಟರನನ್ನು ಮೂಲೆಗೆ ತಳ್ಳಿದ ಸಾಮಾನು ಇದು. ಅಂಗಡಿಕಾರ ಮತ್ತೆ ಅವನನ್ನೇ ಕರೆದರೆ ನಿಷೇಧದ ಭಯವೂ ಇಲ್ಲ, ಊರಿನವನಿಗೊಂದಿಷ್ಟು ಕೆಲಸವೂ ಆದೀತು. ಬರೆಸುವಾಗ ಮೇಲ್ಭಾಗದಲ್ಲಿ ಶೇ. 60ರಷ್ಟು ಕನ್ನಡ ಇರಲಿ. ಅಂಗಡಿಯ ನಾಮಫಲಕಕ್ಕೆ ಹಾಗೆಂದು 2024ರ ಫೆಬ್ರವರಿಯಲ್ಲಿ ವಿಧಾನಮಂಡಲವೇ ತಿದ್ದುಪಡಿ ಒಪ್ಪಿದೆ.

ದುಡ್ಡಿನ ಲೆಕ್ಕವೂ ಸ್ಪಷ್ಟವಾಗಬೇಕು. 2016ರ ಸಂವಿಧಾನ ತಿದ್ದುಪಡಿಯಿಂದ ಜಾಹೀರಾತು ತೆರಿಗೆಯ ಬಾಬು ರಾಜ್ಯಪಟ್ಟಿಯಿಂದ ಹೊರಬಿತ್ತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು. ಸ್ಥಳೀಯ ಸಂಸ್ಥೆಗೆ ಸೇರಬೇಕಾದ್ದು ಅನುಮತಿಯ ಶುಲ್ಕ, ತನ್ನ ಜಾಗವಾದರೆ ನೆಲಬಾಡಿಗೆ. ಎರಡಕ್ಕೂ ರಸೀದಿ ಇರಬೇಕು. ರಸೀದಿಯಿಲ್ಲದೆ ಕೊಟ್ಟ ದುಡ್ಡು ಚರಂಡಿಗೂ ಇಲ್ಲ, ಬೀದಿದೀಪಕ್ಕೂ ಇಲ್ಲ.

ಮನಸ್ಸಿದ್ದರೆ ಮಾರ್ಗ

ತೆಗೆಸಲಾಗದು ಎಂಬ ಮಾತನ್ನು ಯಾರೂ ನಂಬಬೇಕಿಲ್ಲ. ಚುನಾವಣೆ ಘೋಷಣೆಯಾದೊಡನೆ ಸರ್ಕಾರಿ ಕಟ್ಟಡದಿಂದ 24 ತಾಸಿನಲ್ಲಿ, ಬಸ್ ನಿಲ್ದಾಣ, ಕಂಬ, ಸೇತುವೆಯಂಥ ಸಾರ್ವಜನಿಕ ಜಾಗದಿಂದ 48 ತಾಸಿನಲ್ಲಿ, ಖಾಸಗಿ ಜಾಗದಿಂದ 72 ತಾಸಿನಲ್ಲಿ ಅನಧಿಕೃತ ರಾಜಕೀಯ ಬೋರ್ಡುಗಳನ್ನು ತೆಗೆಸಬೇಕೆಂಬ ನಿಯಮವಿದೆ. ಆಗ ಅದೇ ಏಣಿ, ಅದೇ ಸಿಬ್ಬಂದಿ ಹೊರಬೀಳುತ್ತಾರೆ. ಚುನಾವಣೆಗೆ ಆಗುವುದು ಉಳಿದ ದಿನ ಏಕೆ ಆಗದು?

ಮಾಡಬೇಕಾದ್ದು ಹೆಚ್ಚೇನೂ ಇಲ್ಲ. ಎಲ್ಲೆಲ್ಲಿ ಬೋರ್ಡು ನಿಲ್ಲಿಸಬಹುದು, ಶುಲ್ಕ ಎಷ್ಟು, ಎಷ್ಟು ದಿನದಲ್ಲಿ ಉತ್ತರ ಎಂಬ ಒಂದು ಹಾಳೆ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ತೂಗಲಿ. ಜೆಸ್ಕಾಂ, ಸಾರಿಗೆ, ಹೆದ್ದಾರಿಯವರ ಒಪ್ಪಿಗೆಯನ್ನು ಕಚೇರಿಯೇ ತರಿಸಲಿ. ಅಂಗಡಿಕಾರನನ್ನು ಓಡಾಡಿಸುವುದು ಬೇಡ. ಪ್ರತಿ ಬೋರ್ಡಿನ ಮೂಲೆಯಲ್ಲಿ ಅನುಮತಿಯ ನಂಬರು, ಮುಗಿಯುವ ತಾರೀಖು ಇರಲಿ. ನಂಬರಿಲ್ಲದ್ದು ಯಾರ ಮುಖದ್ದಾದರೂ ಮರುದಿನವೇ ಇಳಿಯಲಿ.

ಕಿರಾಣಿ ಅಂಗಡಿಯವನ ಮೂರಡಿ ತಗಡಿಗೆ ನೋಟೀಸು, ಮೂವತ್ತಡಿ ಕಟೌಟಿಗೆ ಹಾರ ಎಂಬಂತಾದರೆ ಕಾಯ್ದೆಗೆ ಬೆಲೆ ಕೊಡುವವರು ಯಾರು? ಸಂಬಂಧಪಟ್ಟವರು ಒಮ್ಮೆ ತಮ್ಮ ಜೀಪಿನಿಂದಿಳಿದು, ಬಸ್ಸಿನ ಕಿಟಕಿಯಿಂದ ಊರನ್ನು ನೋಡಲಿ. ಊರು ಕಂಡರೆ ಸರಿ, ಕಾಣದಿದ್ದರೆ ಏಣಿ ತರಿಸಲಿ.