ಕಾವ್ಯದ ಸೇನೆಯನ್ನು ಎಣಿಸುವ ಬಗೆ

ಗಂಗಾವತಿ ಸಮೀಪದ ಕುಮ್ಮಟದುರ್ಗವನ್ನು ಹತ್ತಿದವರ ಮನಸ್ಸಿನಲ್ಲಿ ಸಹಜವಾಗಿ ಏಳುವ ಪ್ರಶ್ನೆಯೊಂದುಂಟು: ಕುಮಾರರಾಮನ ಬಳಿ ಎಷ್ಟು ದಂಡು ಇದ್ದಿತು? 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕನ ಸೇನೆ ಕಂಪಿಲಿ ರಾಜ್ಯವನ್ನು ಅಳಿಸಿತು, ಇದು ಇತಿಹಾಸ. ಬಹುಕಾಲದ ಅನಂತರ ನಂಜುಂಡ ಕವಿ ಆ ವೀರನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದನು; ಇದು ಕಾವ್ಯ. ಕಾವ್ಯದ ಲೆಕ್ಕವನ್ನು ನೇರವಾಗಿ ಇತಿಹಾಸದ ಕಡತಕ್ಕೆ ಸೇರಿಸುವುದು ತಪ್ಪು. ಬರಿಯ ಉತ್ಪ್ರೇಕ್ಷೆಯೆಂದು ಅದನ್ನು ತಳ್ಳಿಹಾಕುವುದೂ ಅಷ್ಟೇ ತಪ್ಪು.

ಅಕ್ಷೌಹಿಣಿಯನ್ನೇ ನೋಡೋಣ. 21,870 ಆನೆ, ಅಷ್ಟೇ ರಥ, 65,610 ಕುದುರೆ, 1,09,350 ಕಾಲಾಳು. ಪ್ರತಿಯೊಂದು ಸಂಖ್ಯೆಯ ಅಂಕಿಗಳನ್ನು ಕೂಡಿದರೂ 18 ಬರುತ್ತದೆ. ಭಾರತದ ಅಕ್ಷೌಹಿಣಿಗಳು 18, ಯುದ್ಧದ ದಿನಗಳು 18, ಪರ್ವಗಳೂ 18. ಇಂತಹ ಹೊಂದಿಕೆ ರಣರಂಗದಲ್ಲಿ ತಲೆಯೆಣಿಸಿ ಬಂದದ್ದಲ್ಲ, ವಿನ್ಯಾಸದಿಂದ ಬಂದದ್ದು. ಹದಿನೆಂಟನ್ನೂ ಕೂಡಿದರೆ ಆನೆಗಳೇ 3,93,660 ಆಗುತ್ತವೆ. ಅವುಗಳ ಒಂದು ದಿನದ ಮೇವು ನೀರನ್ನು ನೆನೆದರೆ ಸಾಕು, ಇದು ಯಾವ ಜಾತಿಯ ಸಂಖ್ಯೆಯೆಂಬುದು ತಿಳಿಯುತ್ತದೆ.

ಇದರೊಡನೆ 1520ರ ರಾಯಚೂರು ಯುದ್ಧವನ್ನು ಹೋಲಿಸಬೇಕು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೃಷ್ಣದೇವರಾಯನ ಸೇನೆಯನ್ನು 7,03,000 ಕಾಲಾಳು, 32,600 ಕುದುರೆ, 551 ಆನೆ ಎಂದು ಬರೆದಿದ್ದಾನೆ. ಕಾಲಾಳುಗಳ ಮೊತ್ತವನ್ನು ಸಂದೇಹಿಸಲು ಅವಕಾಶವಿದೆ. ಆದರೆ ಆ ಪಟ್ಟಿಯಲ್ಲಿ ರಥವಿಲ್ಲ. ಒಂದು ಕುದುರೆಗೆ ಇಪ್ಪತ್ತಕ್ಕೂ ಮಿಕ್ಕಿ ಕಾಲಾಳುಗಳಿದ್ದಾರೆ. ಅಕ್ಷೌಹಿಣಿಯಲ್ಲಿಯಾದರೋ ಮೂರು ಕುದುರೆಗೆ ಐದೇ ಕಾಲಾಳು. ಆದ್ದರಿಂದ ನನ್ನ ಸೂಚನೆಯಿಷ್ಟು: ಮೊತ್ತಕ್ಕಿಂತ ಮೊದಲು ರಚನೆಯನ್ನು ಪರೀಕ್ಷಿಸಬೇಕು. ರಥಗಳು ರಣರಂಗದಿಂದ ಮರೆಯಾದ ಮೇಲೂ ಒಬ್ಬ ಕವಿ ಚತುರಂಗಬಲವನ್ನು ವರ್ಣಿಸಿದರೆ, ಅವನು ತನ್ನ ಕಾಲದ ದಂಡನ್ನಲ್ಲ, ಪರಂಪರೆಯ ದಂಡನ್ನು ನಡೆಸುತ್ತಿದ್ದಾನೆ.

ಹಾಗಾದರೆ ಕಾವ್ಯಕ್ಕೆ ಅಷ್ಟು ದೊಡ್ಡ ಸಂಖ್ಯೆ ಏಕೆ ಬೇಕು? ಉತ್ತರ ಜೈನ ಪುರಾಣಗಳಲ್ಲಿದೆ. ಭರತ ಚಕ್ರವರ್ತಿಗೆ 84 ಲಕ್ಷ ಆನೆ, 84 ಲಕ್ಷ ರಥ, 18 ಕೋಟಿ ಕುದುರೆ. ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಈ ಚಕ್ರವರ್ತಿಯ ಸೇನೆ ಬಾಹುಬಲಿಯ ಎದುರು ಬಂದು ನಿಲ್ಲುತ್ತದೆ, ಕಾದುವುದಿಲ್ಲ. ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳು ಇಬ್ಬರ ನಡುವೆಯೇ ಮುಗಿಯುತ್ತವೆ. ಗೆದ್ದವನು ಎಲ್ಲವನ್ನೂ ಬಿಟ್ಟು ಹೊರಡುತ್ತಾನೆ. ಅಲ್ಲಿ ಸಂಖ್ಯೆಯು ಬಲದ ಅಳತೆಯಲ್ಲ, ತ್ಯಾಗದ ಅಳತೆ. ಸೇನೆಯನ್ನು ಕಿರಿದುಗೊಳಿಸಿದರೆ ಬಾಹುಬಲಿಯ ವೈರಾಗ್ಯವೂ ಕಿರಿದಾಗುತ್ತದೆ.

ಕೊಪ್ಪಳವು ಹಿಂದೆ ಕೊಪಣವೆಂಬ ಜೈನ ಮಹಾತೀರ್ಥವಾಗಿದ್ದಿತು. ಇಲ್ಲಿಯ ನಿಸಿದಿ ಶಾಸನಗಳು ದಂಡನ್ನೆಣಿಸುವುದಿಲ್ಲ. ದೇಹವನ್ನು ತೊರೆದ ಒಬ್ಬೊಬ್ಬರ ಹೆಸರನ್ನು ಹೇಳುತ್ತವೆ. ಕಾವ್ಯದ ಕೋಟಿಯನ್ನೂ ಕಲ್ಲಿನ ಒಂದನ್ನೂ ಅವುಗಳ ಉದ್ದೇಶವನ್ನರಿತು ಓದಬೇಕು.