ಬೀಗ ಒಡೆದವರ ವಿಲೇವಾರಿ

ಯುದ್ಧ ಗೆದ್ದ ಬ್ರಿಟನ್ನಿನಲ್ಲಿ 1946ರ ಬೇಸಿಗೆಯ ಹೊತ್ತಿಗೆ ಮನೆಗಳಿಗೆ ಬರ, ಬ್ಯಾರಕ್ಕುಗಳು ಬೇಕಾದಷ್ಟು. ಬಾಂಬಿಗೆ ಮನೆ ಕಳೆದುಕೊಂಡವರು, ಸೈನ್ಯದಿಂದ ಮರಳಿದವರು ಬಂಧುಗಳ ಮನೆಯ ಒಂದೊಂದು ಕೋಣೆಯಲ್ಲಿ ಇಕ್ಕಟ್ಟಾಗಿ ಬದುಕುತ್ತಿದ್ದರು. ಊರಾಚೆಯ ಸೇನಾ ಶಿಬಿರಗಳು ಖಾಲಿ ಬಿದ್ದಿದ್ದವು. ಅವು ಯಾವ ಇಲಾಖೆಗೆ ಸೇರಬೇಕು, ನೆಲ ಯಾರಿಗೆ ಮರಳಬೇಕು ಎಂಬ ಕಡತ ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು.

ಆ ಮೇ ತಿಂಗಳಲ್ಲಿ ಸ್ಕಂತೋರ್ಪ್‌ನ ಜೇಮ್ಸ್ ಫೀಲ್ಡಿಂಗ್ ಎಂಬ ಚಿತ್ರಮಂದಿರದ ಆಪರೇಟರ್ ಕಡತಕ್ಕೆ ಕಾಯಲಿಲ್ಲ. ವಿಮಾನ ಹೊಡೆಯುವ ಫಿರಂಗಿದಳ ಬಿಟ್ಟುಹೋದ ಶಿಬಿರಕ್ಕೆ ಹೆಂಡತಿ ಮಕ್ಕಳ ಸಮೇತ ಹೋಗಿ ಸಂಸಾರ ಹೂಡಿದ. ಸುದ್ದಿ ಹಬ್ಬಿತು. ಅಕ್ಟೋಬರ್ ವೇಳೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ 1,038 ಶಿಬಿರಗಳಲ್ಲಿ 39,535 ಜನ ಸೇರಿಕೊಂಡಿದ್ದಾರೆಂದು ಸರ್ಕಾರವೇ ಲೆಕ್ಕ ಕೊಟ್ಟಿತು.

ಅವರು ಹೊಕ್ಕದ್ದೇನು ಅರಮನೆಯಲ್ಲ. ಅನೇಕವು ಮೊದಲ ಮಹಾಯುದ್ಧದಲ್ಲಿ ಮೇಜರ್ ಪೀಟರ್ ನಿಸ್ಸೆನ್ ರೂಪಿಸಿದ ಮಾದರಿಯವು: ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂಥ ತಗಡಿನ ಮನೆ. ಗೋಡೆ ಬಾಗಿರುವುದರಿಂದ ಬೀರು ಒರಗಿಸುವಂತಿಲ್ಲ. ಚಳಿಗಾಲದಲ್ಲಿ ಒಳಗಿನ ಉಸಿರೇ ತಗಡಿನ ಮೇಲೆ ಹನಿಗಟ್ಟಿ ಹಾಸಿಗೆಗೆ ಇಳಿಯುತ್ತದೆ. ಬಂದವರು ಸೀಮೆಸುಣ್ಣದಿಂದ ಬಾಗಿಲಿಗೆ ಹೆಸರು ಬರೆದರು, ನಡುವೆ ಪರದೆ ಕಟ್ಟಿದರು, ಸುಣ್ಣ ಬಣ್ಣ ಬಳಿದರು. ಲೇಖಕ ಕಾಲಿನ್ ವಾರ್ಡ್ ಗುರುತಿಸುವ ಸಂಗತಿಯೊಂದು ನನಗೆ ಈ ಇಡೀ ಪ್ರಸಂಗದ ತಿರುಳೆನಿಸುತ್ತದೆ. ಆಮೇಲೆ ಅಧಿಕಾರಿಗಳೇ ಅದೇ ಶಿಬಿರಗಳಿಗೆ ಮನೆಯಿಲ್ಲದವರನ್ನು ತಂದು ಇರಿಸಿದರು. ತಾವಾಗಿ ನುಗ್ಗಿದವರು ಗುಡಿಸಲನ್ನು ಮನೆ ಮಾಡಿಕೊಂಡರೆ, ಹಂಚಿಕೆಯಲ್ಲಿ ಬಂದವರು ಸಪ್ಪೆ ಮುಖ ಹಾಕಿಕೊಂಡು ಕೂತಿದ್ದರಂತೆ. ತಗಡು ಅದೇ, ಚಳಿ ಅದೇ.

ನಮ್ಮಲ್ಲಿ ಮುಂಬೈ ಬಳಿಯ ಕಲ್ಯಾಣದ ಮಿಲಿಟರಿ ಕ್ಯಾಂಪಿನ ಕತೆ ಬೇರೆ. ದೇಶ ವಿಭಜನೆಯಾದಾಗ ಸಿಂಧ್‌ನಿಂದ ಬಂದ ನಿರಾಶ್ರಿತರನ್ನು ಅಲ್ಲಿ ಇರಿಸಿದ್ದು ಸರ್ಕಾರವೇ. ಹಂಚಿಕೆಯ ಬ್ಯಾರಕ್ಕಾದರೂ ಅವರು ಕೈಕಟ್ಟಿ ಕೂರಲಿಲ್ಲ. 1949ರಲ್ಲಿ ಉಲ್ಹಾಸನಗರವೆಂದು ಹೆಸರಾದ ಆ ಜಾಗ ವ್ಯಾಪಾರದ ಊರಾಗಿ ಬೆಳೆಯಿತು. ವಾರ್ಡ್ ಮಾತು ಎಲ್ಲ ಕಡೆಗೂ ಸಲ್ಲದು.

ಬ್ರಿಟನ್ನಿನ ಅಧಿಕಾರಿಗಳು ಶಿಬಿರವಾಸಿಗಳನ್ನು ಹೊರದಬ್ಬಲಿಲ್ಲ. ನೀರು, ದೀಪ ಕೊಟ್ಟು ಬಾಡಿಗೆ ಎತ್ತತೊಡಗಿದರು. ಇದನ್ನು ಉದಾರತೆ ಎನ್ನಲು ನನಗೆ ಮನಸ್ಸಿಲ್ಲ. ಆ ಸೆಪ್ಟೆಂಬರಿನಲ್ಲೇ ಲಂಡನ್ನಿನ ಸಿರಿವಂತರ ಬಡಾವಣೆ ಕೆನ್ಸಿಂಗ್ಟನ್‌ನಲ್ಲಿ, ಯುದ್ಧಕಾಲದಲ್ಲಿ ಸರ್ಕಾರ ವಶಪಡಿಸಿಕೊಂಡಿದ್ದ ಖಾಲಿ ಫ್ಲಾಟುಗಳಿಗೂ ಜನ ನುಗ್ಗಿದರು. ಅಲ್ಲಿಗೆ ಪೊಲೀಸರು ಬಂದರು, ಕೋರ್ಟಿನ ಆದೇಶ ಬಂತು, ಮುಂದಾಳುಗಳ ಮೇಲೆ ಒಳಸಂಚಿನ ಕೇಸು ಬಿತ್ತು. ಎರಡು ವಾರದೊಳಗೆ ಫ್ಲಾಟು ಖಾಲಿಯಾಯಿತು. ತಗಡಿನ ಮನೆಯವರು ಮುಂದಿನ ದಶಕಕ್ಕೂ ಬಾಡಿಗೆ ಕಟ್ಟುತ್ತಲೇ ಇದ್ದರು.