ಖಾಲಿ ಮಾಡಿಸುವ ಮುನ್ನ ಅಡ್ವಾನ್ಸ್ ತೆಗೆದಿಡಿ

“ವಾಲ್ವ್ ಕ್ಲೋಸ್ ಮಾಡು. ವಾರ ತಡೆಯೋದಿಲ್ಲ, ತಾವಾಗೇ ಹೋಗ್ತಾರೆ.” ಬೆಂಗಳೂರಿನ ನಮ್ಮ ಮಹಡಿ ಮನೆಯವರು ಹೇಳಿದ ತಿಂಗಳಿಗೆ ಖಾಲಿ ಮಾಡದಿದ್ದಾಗ ನನ್ನ ಭಾವ ಕೊಟ್ಟ ಸಲಹೆ ಇದು. ಪಕ್ಕದ ಮನೆಯ ಹಿರಿಯರು ಹೇಳಿದ್ದೇ ಬೇರೆ: “ನೀವು ಮಾತಿಗೇ ಹೋಗಬೇಡಿ, ಮೊದಲು ಲಾಯರ್ ಹಿಡೀರಿ.” ಇಬ್ಬರಿಗೂ ನನ್ನ ಮೇಲೆ ಅಕ್ಕರೆಯಿದೆ. ಆದರೂ ಇಬ್ಬರ ಮಾತೂ ನನಗೆ ಒಪ್ಪಿಗೆಯಾಗಲಿಲ್ಲ. ಮನೆ ಖಾಲಿ ಮಾಡಿಸುವ ಕೆಲಸದ ಮುಕ್ಕಾಲು ಪಾಲನ್ನು ಮಾಲೀಕರೇ ಮಾಡಿಕೊಳ್ಳಬಹುದು ಎಂದು ನಾನು ನಂಬಿದ್ದೇನೆ.

ವಾಲ್ವ್, ಫ್ಯೂಸು, ಬೀಗಕ್ಕೆ ಕೈ ಹಾಕಿದವರು ಗೆಲ್ಲಬಹುದಾದ ವ್ಯಾಜ್ಯವನ್ನು ತಾವೇ ಕೆಡಿಸಿಕೊಳ್ಳುತ್ತಾರೆ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮಿನಡಿ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ಮನೆ ಯಾರ ಹೆಸರಿನಲ್ಲಿದೆ ಎಂಬುದು ಆ ದಾವೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಹಾಗೆಂದು ಮೊದಲ ದಿನವೇ ವಕೀಲರೂ ಬೇಕಿಲ್ಲ. ತಿಂಗಳ ಬಾಡಿಗೆಯ ಮನೆಗೆ, ಕರಾರಿನಲ್ಲಿ ಬೇರೆ ಗಡುವು ಇಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಮು ಕೇಳುವುದು 15 ದಿನಗಳ ಲಿಖಿತ ನೋಟಿಸು. ಅದಕ್ಕೆ ಮಾಲೀಕರ ಸಹಿ ಸಾಕು. ನಾನು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ ಬರೆದೆ. ಅಂಚೆಯಲ್ಲಿ ಕಳಿಸಿ, ಅವರು ಸಹಿ ಮಾಡಿ ಪಡೆದ ಚೀಟಿಯನ್ನು ಕರಾರಿನ ಜೊತೆ ಪಿನ್ ಮಾಡಿಟ್ಟೆ. (ತೀರಾ ಕಡಿಮೆ ಬಾಡಿಗೆಯ ಹಳೆಯ ಮನೆಗಳ ವಿಚಾರ ಬೇರೆ. ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿಯೊಳಗಿನ ಬಾಡಿಗೆಯಿದ್ದರೆ 1999ರ ಕರ್ನಾಟಕ ಬಾಡಿಗೆ ಕಾಯಿದೆಯನ್ನು ನೋಡಬೇಕು. ಅದು ಪಟ್ಟಿ ಮಾಡಿದ ಕಾರಣಗಳಿಲ್ಲದೆ ಎಬ್ಬಿಸುವಂತಿಲ್ಲ.) ಗಡುವು ಮುಗಿದ ಮೇಲೂ ಎಂದಿನಂತೆ ಬಾಡಿಗೆ ತೆಗೆದುಕೊಂಡರೆ ನೋಟಿಸನ್ನು ಕೈಬಿಟ್ಟಿರಿ ಎಂಬ ವಾದ ಹುಟ್ಟುತ್ತದೆ. ಆ ಎಚ್ಚರವೊಂದು ಇರಲಿ.

ನಿಜವಾದ ತೊಡಕು ಇರುವುದು ಅಡ್ವಾನ್ಸಿನಲ್ಲಿ. ನೋಟಿಸು ತಲುಪಿದ ಸಂಜೆ ಮಹಡಿ ಮನೆಯ ಹುಡುಗ ಕೆಳಗಿಳಿದು ಬಂದ. ಜಗಳಕ್ಕೆ ಬಂದಿರಬೇಕು ಎಂದುಕೊಂಡೆ. ಅವನ ಕೈಯಲ್ಲಿದ್ದದ್ದು ಕರಾರಿನ ಪ್ರತಿ. ಹತ್ತು ತಿಂಗಳ ಅಡ್ವಾನ್ಸಿನ ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದ. “ಅಂಕಲ್, ಮನೆ ನೋಡಿದೀನಿ. ಅಲ್ಲಿ ಕಟ್ಟೋಕೆ ಈ ದುಡ್ಡೇ ಬೇಕು. ನೀವು ಯಾವತ್ತು ಕೊಡ್ತೀರೋ ಅವತ್ತೇ ಹೋಗ್ತೀನಿ.” ಆ ದುಡ್ಡು ನನ್ನ ಹತ್ತಿರ ಇರಲಿಲ್ಲ. ಬೋರ್‌ವೆಲ್ಲಿಗೆ, ಮಗಳ ಕಾಲೇಜು ಫೀಸಿಗೆ ಹೋಗಿ ಎರಡು ವರ್ಷವಾಗಿತ್ತು. ಅವನು ಮನೆ ಬಿಡುತ್ತಿಲ್ಲ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಅವನನ್ನು ಕಟ್ಟಿಹಾಕಿದ್ದವನು ನಾನೇ.

“ಬಾಡಿಗೆದಾರ ಜಾಗ ಬಿಡ್ತಿಲ್ಲ” ಎನ್ನುವ ಪರಿಚಿತರನ್ನು ಆಮೇಲೆ ನಾನು ಕೇಳುವ ಮೊದಲ ಪ್ರಶ್ನೆ, ಅಡ್ವಾನ್ಸ್ ಎಲ್ಲಿದೆ ಎಂಬುದು. ಬಹಳ ಮಂದಿ ಅಲ್ಲಿಗೆ ಸುಮ್ಮನಾಗುತ್ತಾರೆ. ಲಕ್ಷಗಟ್ಟಲೆ ಇಡಿಗಂಟು ಪಡೆದು ಲೀಸಿಗೆ ಕೊಟ್ಟವರ ಪಾಡು ಇನ್ನೂ ಕಷ್ಟ. ಹೊಸ ಲೀಸುದಾರ ಸಿಗುವವರೆಗೆ ಹಳಬರಿಗೆ ಹಿಂತಿರುಗಿಸಲು ಅವರಲ್ಲಿ ಬಿಡಿಗಾಸೂ ಇರುವುದಿಲ್ಲ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯಿದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಅದು ಬಾಡಿಗೆದಾರರ ಪರ ಎಂದು ನಮ್ಮಂಥ ಮಾಲೀಕರು ಮುನಿಯುತ್ತೇವೆ. ನನಗೆ ಅದು ನಮ್ಮದೇ ಹಿತವೆಂದು ತೋರುತ್ತದೆ. ಕಡಿಮೆ ಪಡೆದರೆ ಹೊತ್ತಿಗೆ ಹಿಂತಿರುಗಿಸಬಹುದು, ಹಿಂತಿರುಗಿಸಿದರೆ ಬೀಗದ ಕೈ ಬರುತ್ತದೆ.

ದುಡ್ಡು ತೋರಿಸಿದರೂ ಕದಲದವರು, ತಿಂಗಳುಗಟ್ಟಲೆ ಬಾಡಿಗೆ ಕೊಡದೆ ಕೂತವರು ಇದ್ದಾರೆ, ಅಲ್ಲಗಳೆಯಲಾರೆ. ಅಲ್ಲಿ ವಕೀಲರ ಬಳಿ ಹೋಗಲೇಬೇಕು, ಬೆಂಗಳೂರಿನಲ್ಲಾದರೆ ಲಘು ವ್ಯಾಜ್ಯಗಳ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಆಗಲೂ ಅವರು ಮೊದಲು ಕೇಳುವುದು ಆ ಕರಾರು, ನೋಟಿಸು, ಅಂಚೆಯ ಚೀಟಿಯನ್ನೇ.

ನಾನು ಎಫ್‌ಡಿ ಮುರಿಸಿದೆ. ಅರ್ಧ ಹಣವನ್ನು ಹುಡುಗನ ಖಾತೆಗೆ ಹಾಕಿದೆ. ಅವನು ಹೊಸ ಮನೆಗೆ ಕಟ್ಟಿದ. ಹನ್ನೊಂದನೇ ದಿನ ಸಾಮಾನು ಇಳಿಸಿದರು. ಖಾಲಿ ಕೋಣೆಗಳಲ್ಲಿ ಇಬ್ಬರೂ ಓಡಾಡಿ ಗೋಡೆಗಳ ಫೋಟೊ ತೆಗೆದೆವು, ಕರೆಂಟು ಮೀಟರಿನ ಅಂಕಿ ಬರೆದುಕೊಂಡೆವು. ಕರಾರಿನಲ್ಲಿದ್ದಂತೆ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿದು ಉಳಿದದ್ದನ್ನು ಕಳಿಸಿದೆ. ಮೊಬೈಲು ನೋಡಿ “ಬಂತು ಅಂಕಲ್” ಎಂದ, ಎರಡು ಬೀಗದ ಕೈಗಳನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟ.